ತಲೆಗೆ ಪಟ್ಟಿ, ಮುಂದೆ ನೈಂಟಿ

ಎಣ್ಣೆ ಏನು ಮಾಡುತ್ತದೆ ಅಂತ ನೋಡಲು ವಿಜ್ಞಾನಿಗಳು ಕುಡಿಯಲು ಕೂತ ದೋಸ್ತರ ತಲೆಗೆ ಪಟ್ಟಿ ಸುತ್ತಿ ಮೆದುಳಿನ ಅಲೆ ಅಳೆಯುವ ಸುದ್ದಿ ನೀವೂ ಓದಿರುತ್ತೀರಿ. ಲ್ಯಾಬಿನಲ್ಲಿ ಒಬ್ಬನನ್ನೇ ಕೂರಿಸಿ ಕುಡಿಸಿದರೆ ನಿಜ ಗೊತ್ತಾಗಲ್ಲವಂತೆ, ನಾಲ್ಕು ಜನ ಕೂಡಿದಾಗಲೇ ನೋಡಬೇಕಂತೆ. ಭಲೇ! ನಮ್ಮ ವಿಜಯಪುರದ ಯಾವ ಬಾರಿನ ಸಪ್ಲಾಯರ್‌ನನ್ನು ಕೇಳಿದ್ದರೂ ಒಂದು ಪ್ಲೇಟ್ ಶೇಂಗಾ ಖರ್ಚಿನಲ್ಲಿ ಇದನ್ನು ಹೇಳುತ್ತಿದ್ದ.

ಹ್ಯಾನ್ಸ್ ಬರ್ಗರ್ ಎಂಬ ಜರ್ಮನ್ ಡಾಕ್ಟರು 1924ರಲ್ಲಿ ಮೊದಲ ಸಲ ಮನುಷ್ಯನ ಮೆದುಳಿನ ಅಲೆ ದಾಖಲಿಸಿದರು. ಅಲೆಯನ್ನು ಗೆರೆಯಾಗಿ ಬರೆಯುವ ಆ ಇಇಜಿಗೆ ಇವತ್ತಿಗೂ ಒಂದು ಚಾಳಿ ಇದೆ. ಕಣ್ಣು ಮಿಟುಕಿಸಿದರೆ, ದವಡೆ ಆಡಿಸಿದರೆ ಗೆರೆ ಕೆಡುತ್ತದೆ. ಇನ್ನು ನಮ್ಮವರು ಶೇಂಗಾ ಅಗಿಯುತ್ತಾ, ಟೇಬಲ್ ಗುದ್ದುತ್ತಾ, ಹತ್ತು ನಿಮಿಷಕ್ಕೊಮ್ಮೆ ತಬ್ಬಿಕೊಂಡು ಅಳುವಾಗ ಏನು ಗೆರೆ ಬರುತ್ತದೋ!

ಮೆದುಳಿನ ಮುಂಭಾಗ ನಮಗೆ 'ತಡಿ' ಅನ್ನುವ ಭಾಗ. ಎಣ್ಣೆ ಒಳಗೆ ಹೋದರೆ ಅದು ಮಂಕಾಗುತ್ತದೆ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಒಂದು ಮಾತು ಏಳು ಸಲ ಕೇಳುತ್ತದೆ ಅಂತ ಗೈಡು ಹೇಳುತ್ತಾನಲ್ವಾ? ನಮ್ಮ ದೋಸ್ತನಿಗೆ ಗುಮ್ಮಟ ಬೇಡ, ಎರಡು ನೈಂಟಿ ಸಾಕು. "ನಿನ್ನ ಸಲುವಾಗಿ ಜೀವಾ ಕೊಡ್ತೀನಲೇ" ಅಂತ ಏಳು ಸಲ ಅನ್ನುತ್ತಾನೆ. ಎಂಟನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಬಿಲ್ ಬರುತ್ತದೆ, ಗುಮ್ಮಟ ಗಪ್‌ಚಿಪ್.

ಸರ್ಕಾರದ ಲೆಕ್ಕ ಮಾತ್ರ ಯಾವತ್ತೂ ಕೆಡುವುದಿಲ್ಲ. 2007ರಲ್ಲಿ ಸಾರಾಯಿ ಬಂದ್ ಮಾಡಿದ್ದೂ ಸರ್ಕಾರವೇ, 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40 ಸಾವಿರ ಕೋಟಿ ಬರಬೇಕು ಅಂತ ಗುರಿ ಹಾಕಿದ್ದೂ ಸರ್ಕಾರವೇ. 100 ಮಿ.ಲೀ. ರಕ್ತದಲ್ಲಿ ಆಲ್ಕೋಹಾಲ್ 30 ಮಿ.ಗ್ರಾಂ ದಾಟಿ ಗಾಡಿ ಓಡಿಸಿದರೆ ಕೇಸು. ನ್ಯಾಯವೇ. ಆದರೆ ಊರಲ್ಲಿ ಎಲ್ಲೂ ಸಿಗದ ಪಾರ್ಕಿಂಗ್ ಜಾಗ ಬಾರಿನ ಮುಂದೆ ಮಾತ್ರ ಅಷ್ಟೊಂದು ಯಾಕಿದೆ ಅಂತ ಯಾರೂ ಕೇಳಲ್ಲ. ಕುಡಿದವರೆಲ್ಲ ಬೈಕ್ ತಳ್ಳಿಕೊಂಡು ಮನೆಗೆ ಹೋಗುತ್ತಾರೆ ಅಂತ ನಂಬಿದ್ದೇವೆ.

ಸಾಕು ಬಿಡ್ರಿ, ನಗು ಬರುತ್ತಿಲ್ಲ. ಗುಂಪಿನ ಮೇಲೆ ಏನು ಪರಿಣಾಮ ಅಂತ ನೋಡಬೇಕಾದರೆ, ವಿಜ್ಞಾನಿಗಳೇ, ಬಾರಿಗೆ ಯಾಕೆ ಹೋಗುತ್ತೀರಿ? ವಾರದ ಪಗಾರ ಆದ ರಾತ್ರಿ ನಮ್ಮ ಓಣಿಗೆ ಬನ್ನಿ. ಒಂಬತ್ತೂವರೆಗೆ ಅಪ್ಪನ ಚಪ್ಪಲಿ ಸಪ್ಪಳ ಕೇಳಿದ ಕೂಡಲೇ ಮಕ್ಕಳು ಪುಸ್ತಕ ಮುಚ್ಚಿ, ಲೈಟು ಆರಿಸಿ, ನಿದ್ದೆ ಬಂದವರ ಹಾಗೆ ಉಸಿರಾಡುತ್ತಾ ಮಲಗುತ್ತವೆ. ಅವ್ವ ಎಷ್ಟು ದುಡ್ಡು ಉಳಿದಿರಬಹುದು ಅಂತ ಹೆಜ್ಜೆಯ ಸಪ್ಪಳದಲ್ಲೇ ಲೆಕ್ಕ ಹಾಕುತ್ತಾಳೆ. ಒಂದು ತೊಟ್ಟೂ ಕುಡಿಯದ ಆ ತಲೆಗಳಿಗೆ ಕಟ್ಟಿ ನಿಮ್ಮ ಪಟ್ಟಿ.

ಬರುವಾಗ ಸಣ್ಣ ಸೈಜಿನವೂ ಇರಲಿ.