ರಾಯರ ಪಾಸ್‌ವರ್ಡು

ಕಂಪ್ಯೂಟರಿನ ಮುಖ್ಯ ಬೋರ್ಡು, ಅಂದರೆ ಮದರ್‌ಬೋರ್ಡಿನ ಮೇಲೆ ಜಂಪರ್ ಅಂತ ಒಂದು ಪುಟಾಣಿ ಪ್ಲಾಸ್ಟಿಕ್ ಟೊಪ್ಪಿ ಇರುತ್ತದೆ. ಒಳಗೊಂದು ಲೋಹದ ಚೂರು. ಎರಡು ಪಿನ್ನಿನ ಮೇಲೆ ಕೂರಿಸಿದರೆ ಎರಡೂ ಸೇರುತ್ತವೆ, ಕಿತ್ತರೆ ಬೇರೆಯಾಗುತ್ತವೆ. ಕೆಲಸ ಇಷ್ಟೇ, ಆದರೆ ದರ್ಬಾರು ಜಾಸ್ತಿ. ಪೆಂಟಿಯಂ ಕಾಲದಲ್ಲಿ ಪ್ರೊಸೆಸರಿನ ವೇಗ, ವೋಲ್ಟೇಜು ಎಲ್ಲ ಇದರ ಕೈಲೇ ಇತ್ತು. ಬೋರ್ಡಿನ ವೇಗದ ಎಷ್ಟು ಪಟ್ಟು ಓಡಬೇಕು ಅಂತ 233 ಮೆಗಾಹರ್ಟ್ಸಿನ ಪೆಂಟಿಯಂ ಎಂಎಂಎಕ್ಸ್ ಚಿಪ್ಪಿಗೆ ಜಂಪರಿನಲ್ಲಿ 1.5 ಅಂತ ಇಟ್ಟರೆ, ಅದು 3.5 ಅಂತ ಓದಿಕೊಳ್ಳುತ್ತಿತ್ತು. ಅಪ್ಪ ಹೇಳಿದ್ದನ್ನು ಮಗ ಕೇಳಿಸಿಕೊಂಡ ಹಾಗೆ.

2000ದಲ್ಲಿ ನಮ್ಮ ಎದುರುಮನೆ ರಾಯರು ಕಂಪ್ಯೂಟರಿಗೆ ಬಯೋಸ್ ಪಾಸ್‌ವರ್ಡ್, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ಕೇಳುವ ಪಾಸ್‌ವರ್ಡ್, ಹಾಕಿದ್ದರು. ಪಿಯುಸಿ ಓದುವ ಮಗ ಗೇಮ್ ಆಡಬಾರದು ಅಂತ. ಮಗ ಗೇಮ್ ಬಿಟ್ಟನೋ ಇಲ್ಲವೋ, ರಾಯರು ಪಾಸ್‌ವರ್ಡ್ ಮರೆತರು.

ಅದನ್ನು ಅಳಿಸುವುದಕ್ಕೂ ಒಂದು ಜಂಪರ್ ಇರುತ್ತದೆ. ಅದು ಎಲ್ಲಿದೆ ಅಂತ ಹೇಳುವ ಮ್ಯಾನುಯಲ್ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಭದ್ರವಾಗಿತ್ತು. ಬೀರುವಿನ ಕೀ ಅವರ ಮನೆಯವರ ಜೊತೆ ತವರಿಗೆ ಹೋಗಿತ್ತು. ನಾನು ಪವರ್ ಕೇಬಲ್ ಕಿತ್ತೆ.

"ಶಟ್‌ಡೌನ್ ಮಾಡಿದೀನಲ್ಲ, ವೈರ್ ಯಾಕೆ ಕೀಳ್ತೀರಿ?"

"ಇದು ಎಟಿಎಕ್ಸ್ ಅನ್ನೋ ಥರದ ಪವರ್ ಸಪ್ಲೈ ಸರ್. ಆಫ್ ಆಗಿದ್ರೂ ಬೋರ್ಡಿಗೆ 5 ವೋಲ್ಟ್ ಬರ್ತಾ ಇರುತ್ತೆ. ಕ್ಯಾಬಿನೆಟ್ಟಿನ ಕಬ್ಬಿಣ ಒಂದ್ಸಲ ಮುಟ್ಟಿ."

"ಅಯ್ಯೋ, ಶಾಕ್ ಹೊಡೆದ್ರೆ?"

ಇಲ್ಲಿ ಶಾಕ್ ಹೊಡೆಯುವುದು ನಮಗಲ್ಲ, ನಮ್ಮ ಮೈಯಿಂದ ಚಿಪ್ಪಿಗೆ ಅಂದೆ. ರಾಯರು ನನ್ನನ್ನೇ ಅನುಮಾನದಿಂದ ನೋಡಿದರು.

ದುಂಡನೆ ಬ್ಯಾಟರಿಯ ಪಕ್ಕದಲ್ಲೇ ಆ ಜಂಪರಿನ ಮೂರು ಪಿನ್ನು ಸಿಕ್ಕವು. 1-2ರ ಮೇಲಿರುವ ಜಂಪರನ್ನು 2-3ಕ್ಕೆ ಹಾಕಿ, ಹತ್ತು ಸೆಕೆಂಡು ಬಿಟ್ಟು ವಾಪಸ್ ಹಾಕಬೇಕು. ವಾಪಸ್ ಹಾಕದೆ ಆನ್ ಮಾಡಿದರೆ ಬೋರ್ಡೇ ಕೈಕೊಡಬಹುದು. ಅಷ್ಟರಲ್ಲಿ "ನಾನೇ ತೆಗೀತೀನಿ" ಅಂತ ರಾಯರು ಹುಬ್ಬು ಕೀಳುವ ಚಿಮಟ ತಂದರು. ಹಿಡಿದರು, ಎಳೆದರು. ಜಂಪರ್ ಟಣ್ಣನೆ ಹಾರಿತು.

ಮಂಚದ ಕೆಳಗೆ ಪೊರಕೆ ಆಡಿಸಿದರು. ಕ್ಯಾಬಿನೆಟ್ ಮಗುಚಿ ಅಲುಗಾಡಿಸಿದರು. ಒಂದು ಸ್ಕ್ರೂ, ಸತ್ತ ಜಿರಳೆ ಉದುರಿದವು. ಸ್ಕ್ರೂ ಬಿದ್ದಿದ್ದು ಒಳ್ಳೆಯದೇ ಆಯಿತು, ಬೋರ್ಡಿನ ಕೆಳಗೆ ಸಿಕ್ಕಿಕೊಂಡಿದ್ದರೆ ಶಾರ್ಟ್ ಆಗುತ್ತಿತ್ತು.

ಟಾರ್ಚ್ ಹಿಡಿದು ಸುಮ್ನೆ ನಿಂತಿದ್ದ ಮಗ ಬಾಯಿಬಿಟ್ಟ. "ಅಂಕಲ್, ಕಾರ್ಡ್ ಹಾಕೋ ಪಿಸಿಐ ಸ್ಲಾಟಿನ ಸಂದೀಲಿ ನೋಡಿ. ಅದು ಯಾವಾಗ್ಲೂ ಅಲ್ಲೇ ಬೀಳೋದು."

ಅಲ್ಲೇ ಇತ್ತು. ರಾಯರಿಗೆ ಜಂಪರ್ ಸಿಕ್ಕ ಸಂತೋಷದಲ್ಲಿ "ಯಾವಾಗ್ಲೂ" ಕೇಳಿಸಲಿಲ್ಲ.

ಕಂಪ್ಯೂಟರ್ ಪಾಸ್‌ವರ್ಡ್ ಕೇಳದೆ ಶುರುವಾಯಿತು. ಪಾಸ್‌ವರ್ಡಿನ ಜೊತೆ ತಾರೀಕೂ ಅಳಿಸಿ 1998ಕ್ಕೆ ಹೋಗಿತ್ತು.

"ಹೋದ ತಿಂಗಳೂ ಹೀಗೇ ಆಗಿತ್ತು ನೋಡಿ. 2000 ಬಂದ್ರೆ ಕಂಪ್ಯೂಟರಿನ ತಾರೀಕು ಕೆಡುತ್ತೆ ಅಂತಿದ್ರಲ್ಲ, ಆ ವೈಟೂಕೆ ಸ್ವಲ್ಪ ಲೇಟಾಗಿ ಬಂತೇನೋ ಅಂದ್ಕೊಂಡೆ. ಪಾಸ್‌ವರ್ಡೂ ತಾನಾಗೇ ಹೋಗಿತ್ತು. ಆಮೇಲೆ ಹೊಸದು ಹಾಕಿದ್ನಲ್ಲ, ಅದೇ ಮರೆತಿದ್ದು."

ನಾನು ಮಗನ ಕಡೆ ನೋಡಿದೆ. ಅವನು ಫ್ಯಾನ್ ನೋಡುತ್ತಿದ್ದ.

ರಾಯರು ಅವನನ್ನು ಅಂಗಡಿಗೆ ಅಟ್ಟಿ, ಎಡಗೈಯಲ್ಲಿ ಕೀಬೋರ್ಡ್ ಮರೆಮಾಡಿಕೊಂಡು ಹೊಸ ಪಾಸ್‌ವರ್ಡ್ ಕುಟ್ಟಿದರು. ಆಮೇಲೆ ನನ್ನ ಕಿವಿ ಹತ್ತಿರ ಬಂದು ಹೇಳಿದರು. "ಈ ಸಲದ್ದು ಅವರಪ್ಪನಿಗೂ ಗೊತ್ತಾಗಲ್ಲ, ನೋಡ್ತಿರಿ."