ಗಂಟಲಿನ ಕೀವು ಎದೆಗಿಳಿದಾಗ

ದಾಡೆ ಹಲ್ಲಿನ ಬಾವು, ಟಾನ್ಸಿಲ್ ಪಕ್ಕದ ಕೀವು ಜೀವಕ್ಕೇ ಎರವಾಗಬಲ್ಲವು ಎಂದರೆ ನಮ್ಮ ವಿಜಯಪುರದ ಕಡೆ ಇನ್ನೂ ಬಹಳ ಜನ ನಂಬುವುದಿಲ್ಲ. ಕಿವಿ, ಮೂಗು, ಗಂಟಲಿನ ವೈದ್ಯನಾಗಿ ನಾನು ಒತ್ತಿ ಹೇಳಬೇಕಾದ ಮಾತು ಇದು: ಕೀವು ಎದೆಗೂಡಿನ ಆಳಕ್ಕೆ ಇಳಿದಿದೆ ಎಂದು ಸಿಟಿ ಸ್ಕ್ಯಾನಿನಲ್ಲಿ ಕಂಡ ಮೇಲೆ ಕುತ್ತಿಗೆಯನ್ನಷ್ಟೇ ಕೊಯ್ದು ಕಾಯುತ್ತ ಕೂರಬಾರದು.

ಗಂಟಲಿನ ಹಿಂದೆ, ಬೆನ್ನುಮೂಳೆಯ ಮುಂದೆ, ತಲೆಬುರುಡೆಯ ತಳದಿಂದ ವಪೆಯವರೆಗೆ (ಎದೆ, ಹೊಟ್ಟೆಗಳನ್ನು ಬೇರ್ಪಡಿಸುವ ಸ್ನಾಯು ಪರದೆಯವರೆಗೆ) ತೆಳು ಪದರಗಳ ನಡುವೆ ಸಡಿಲವಾದ ಜಾಗವೊಂದಿದೆ. ಕೀವು ಅಲ್ಲಿಗೆ ಸೇರಿತೆಂದರೆ ತನ್ನ ಭಾರಕ್ಕೇ ಕೆಳಗಿಳಿಯುತ್ತದೆ. ಪ್ರತಿ ಉಸಿರೂ ಅದನ್ನು ಎದೆಯೊಳಕ್ಕೆ ಎಳೆದುಕೊಳ್ಳುತ್ತದೆ. ಆಮ್ಲಜನಕ ಬೇಕಾದ ಮತ್ತು ಬೇಡವಾದ ಎರಡೂ ಬಗೆಯ ಬ್ಯಾಕ್ಟೀರಿಯಾಗಳು ಕೂಡಿ ಹೃದಯ, ಅನ್ನನಾಳಗಳ ಸುತ್ತಲಿನ ಅಂಗಾಂಶವನ್ನು ಕೊಳೆಸುತ್ತವೆ. ಸತ್ತ ಅಂಗಾಂಶಕ್ಕೆ ರಕ್ತ ಹರಿಯುವುದಿಲ್ಲ, ಆದ್ದರಿಂದ ಎಷ್ಟೇ ಬಲವಾದ ಆ್ಯಂಟಿಬಯಾಟಿಕ್ ಕೊಟ್ಟರೂ ಅದು ಅಲ್ಲಿಗೆ ಮುಟ್ಟುವುದಿಲ್ಲ. ಕುತ್ತಿಗೆ ಕೊಯ್ದಾಗ ಗಟ್ಟಿ ಹಳದಿ ಕೀವಿನ ಬದಲು ಕೊಳೆತ ವಾಸನೆಯ, ಬೂದು ಬಣ್ಣದ ತೆಳು ನೀರು ಹರಿದರೆ ನನಗೆ ಗಾಬರಿಯಾಗುತ್ತದೆ.

ಮೊದಮೊದಲು ಎದೆಯ ಎಕ್ಸ್‌ರೇ ಸಹಜವಾಗಿಯೇ ಕಾಣಬಹುದು. ಹೀಗಾಗಿ ಕುತ್ತಿಗೆ ಬಾತು, ಜ್ವರವಿದ್ದು, ಬಾಯಿ ತೆರೆಯಲು ಅಥವಾ ನುಂಗಲು ಆಗದ ರೋಗಿಗೆ, ಅದರಲ್ಲೂ ಶುಗರ್ ಇರುವವರಿಗೆ, ಸ್ಕ್ಯಾನನ್ನು ಕೊರಳೆಲುಬಿಗೆ ನಿಲ್ಲಿಸದೆ ಎದೆಯವರೆಗೂ ಮಾಡಿಸಬೇಕು.

ಶ್ವಾಸನಾಳ ಕವಲೊಡೆಯುವ ಜಾಗಕ್ಕಿಂತ ಮೇಲೆಯೇ ಕೀವು ನಿಂತಿದ್ದರೆ ಕುತ್ತಿಗೆಯ ಮೂಲಕವೇ ಅದನ್ನು ತೆಗೆಯಲು ಸಾಧ್ಯ. ಅದಕ್ಕಿಂತ ಕೆಳಗಿಳಿದಿದ್ದರೆ ಪಕ್ಕೆಲುಬುಗಳ ನಡುವೆ ತೆರೆದೋ, ಕ್ಯಾಮೆರಾ ತೂರಿಸಿಯೋ ಕೊಳೆತದ್ದನ್ನು ತೆಗೆದು, ಸಲೈನಿನಿಂದ ತೊಳೆದು, ನಳಿಕೆಗಳನ್ನು ಇಡಬೇಕಾಗುತ್ತದೆ. “ಕುತ್ತಿಗಿ ಅಷ್ಟ ಕೊಯ್ದರ ಸಾಲೂದಿಲ್ಲೇನ್ರಿ ಸರ್?” ಎಂದು ಮನೆಯವರು ಕೇಳುವುದು ಸಹಜ; ಎದೆ ತೆರೆಯುವುದೆಂದರೆ ಯಾರಿಗಾದರೂ ಭಯವೇ. ಆದರೆ ಹಲವು ವರದಿಗಳನ್ನು ಒಟ್ಟುಗೂಡಿಸಿ 1997ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಕುತ್ತಿಗೆಯಿಂದ ಮಾತ್ರ ಕೀವು ತೆಗೆದವರಲ್ಲಿ ಶೇ. 47ರಷ್ಟು ಮಂದಿ ಸತ್ತಿದ್ದರೆ, ಎದೆಯಿಂದಲೂ ತೆಗೆದವರಲ್ಲಿ ಆ ಪ್ರಮಾಣ ಶೇ. 19 ಇತ್ತು. ಹಳೆಯ ಪ್ರಕರಣಗಳ ಲೆಕ್ಕವಾದ್ದರಿಂದ ಇದನ್ನೇ ಕಣ್ಣುಮುಚ್ಚಿ ನಂಬಬೇಕೆಂದು ನಾನು ಹೇಳುವುದಿಲ್ಲ, ಆದರೂ ಅಂತರ ಕಡೆಗಣಿಸುವಷ್ಟು ಸಣ್ಣದಲ್ಲ.

ಒಂದೇ ಆಪರೇಷನ್‌ಗೆ ಮುಗಿಯುತ್ತದೆ ಎಂದು ಮನೆಯವರಿಗೆ ಭರವಸೆ ಕೊಡುವುದೂ ತಪ್ಪು. ಎರಡು ಮೂರು ದಿನಗಳಲ್ಲಿ ಮತ್ತೆ ಸ್ಕ್ಯಾನ್ ಮಾಡಿ, ಕೀವು ಉಳಿದಿದ್ದರೆ ಪುನಃ ತೆರೆಯಬೇಕಾಗಬಹುದು ಎಂಬುದನ್ನು ಮೊದಲೇ ತಿಳಿಸಬೇಕು.

ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ಇಂಥ ರೋಗಿಯನ್ನು ಬೆಳಗಾವಿಗೋ ಸೊಲ್ಲಾಪುರಕ್ಕೋ ಕಳಿಸುವ ವೈದ್ಯ ಮಿತ್ರರಲ್ಲಿ ನನ್ನ ವಿನಂತಿ: ಆ್ಯಂಬುಲೆನ್ಸ್ ಹತ್ತಿಸುವ ಮೊದಲೇ ಆ್ಯಂಟಿಬಯಾಟಿಕ್ ಶುರುಮಾಡಿ, ಉಸಿರಿನ ದಾರಿ ಕಟ್ಟುವಂತಿದ್ದರೆ ಅದನ್ನು ಭದ್ರಪಡಿಸದೆ ಕಳಿಸಬೇಡಿ, ಎದೆ ಶಸ್ತ್ರಚಿಕಿತ್ಸಕರು ಇದ್ದಾರೆಯೇ ಎಂದು ಅಲ್ಲಿಗೆ ಫೋನ್ ಮಾಡಿ ಕೇಳಿಕೊಳ್ಳಿ.