500 ವ್ಯಾಟ್ ಅಂತ ಬರೆದಿದೆಯಲ್ಲಾ!

ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಹೆಸರಿಡುವ ಪುಣ್ಯಾತ್ಮರಿಗೆ ಅಂಕಿಗಳ ಮೇಲೆ ಏನೋ ಹಳೇ ಸೇಡು ಇರಬೇಕು. 2002ರಲ್ಲಿ ರೇಡಿಯಾನ್ 9700 ಅಂತ ಒಂದು ಕಾರ್ಡ್ ಬಂದಿತ್ತು. 2025ರಲ್ಲಿ ಅದೇ ವಂಶದಲ್ಲಿ ಹುಟ್ಟಿದ್ದು ಎಎಂಡಿ ಕಂಪನಿಯ 9070. ಇಪ್ಪತ್ತಮೂರು ವರ್ಷದಲ್ಲಿ ಒಂದು ಸೊನ್ನೆ ಮತ್ತು ಒಂದು ಏಳು ಸೀಟು ಬದಲಾಯಿಸಿಕೊಂಡಿವೆ, ಅಷ್ಟೇ. ಎದುರು ಪಾಳಯದ ಎನ್‌ವಿಡಿಯಾದವರೂ ಏನು ಕಡಿಮೆಯಿಲ್ಲ. 4070 ಇದೆ, 4070 ಸೂಪರ್ ಇದೆ, 4070 ಟಿಐ ಇದೆ, ಸಾಲದು ಅಂತ 4070 ಟಿಐ ಸೂಪರ್ ಕೂಡ ಇದೆ. 2016ರ ಜಿಟಿಎಕ್ಸ್ 1060ರಲ್ಲಿ 3 ಜಿಬಿಯದು, 6 ಜಿಬಿಯದು ಅಂತ ಎರಡು ಬಗೆ. ಬರೀ ಮೆಮೊರಿ ಕಡಿಮೆ ತಾನೆ, ಇರಲಿ ಬಿಡು ಅಂತ 3 ಜಿಬಿಯದನ್ನು ತಂದವರಿಗೆ ಒಳಗಿನ ಕೋರ್‌ಗಳೂ ಕಡಿಮೆ ಸಿಕ್ಕವು. 1280ರ ಬದಲು 1152. ಎಎಂಡಿಯ 7900 ಜಿಆರ್‌ಇ ಇನ್ನೂ ಮಜಾ. ಆ ಮೂರಕ್ಷರದ ಬಾಲ ಎಂದರೆ ‘ಗೋಲ್ಡನ್ ರ್‍ಯಾಬಿಟ್ ಎಡಿಷನ್’. 2023 ಚೀನಾದ ಲೆಕ್ಕದಲ್ಲಿ ಮೊಲದ ವರ್ಷವಂತೆ, ಅದಕ್ಕೇ ಬಂಗಾರದ ಮೊಲ. ಈ ಮೊಲ 260 ವ್ಯಾಟ್ ಎಳೆಯುತ್ತದೆ ಎಂದು ಮಾತ್ರ ಹೆಸರಲ್ಲಿ ಎಲ್ಲೂ ಇಲ್ಲ.

ನನಗೆ ಈ ಪುರಾಣವೆಲ್ಲ ಬೇಕಿರಲಿಲ್ಲ. ಮಗಳು ತ್ರೀಡಿ ಮಾಡೆಲಿಂಗ್ ಕಲಿಯಲು ಶುರು ಮಾಡಿದ್ದಳು. ನಮ್ಮ ಮನೆಯ ಕಂಪ್ಯೂಟರ್‌ನಲ್ಲಿದ್ದ ಜಿಟಿಎಕ್ಸ್ 1050 ಟಿಐ ಒಂದು ಕುರ್ಚಿಯ ಚಿತ್ರ ರೆಂಡರ್ ಮಾಡುವಷ್ಟರಲ್ಲಿ ಬಡಗಿಯನ್ನು ಕರೆಸಿ ನಿಜವಾದ ಕುರ್ಚಿಯನ್ನೇ ಮಾಡಿಸಬಹುದಿತ್ತು. ಹೊಸ ಕಾರ್ಡ್ ಹಾಕಿಸೋಣ ಎಂದು ನಾನು ಬಾಯಿ ಬಿಟ್ಟದ್ದು ಬಾಮೈದನ ಎದುರಿಗೆ. ಅವನಿಗೆ ಕಂಪ್ಯೂಟರ್ ಎಂದರೆ ಪ್ರಾಣ. ಬೇರೆಯವರ ಕಂಪ್ಯೂಟರ್ ಎಂದರೆ ಇನ್ನೂ ಜಾಸ್ತಿ.

“ಭಾವ, ತಗೊಳ್ಳೋದಾದ್ರೆ 4090 ತಗೊಳ್ಳಿ. ಹತ್ತು ವರ್ಷ ಹಿಂದೆ ತಿರುಗಿ ನೋಡಂಗಿಲ್ಲ.”

ಆ ಕಾರ್ಡ್ ಒಂದೇ 450 ವ್ಯಾಟ್ ಎಳೆಯುತ್ತದೆ. ತಯಾರಕರೇ 850 ವ್ಯಾಟ್‌ನ ಪವರ್ ಸಪ್ಲೈ, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಡಬ್ಬ, ಇಡಿ ಅನ್ನುತ್ತಾರೆ. ಅದಕ್ಕಿರುವುದು 16 ಪಿನ್‌ನ ಪುಟ್ಟ ಕನೆಕ್ಟರ್, 600 ವ್ಯಾಟ್‌ವರೆಗೆ ಸಾಗಿಸಲು ಮಾಡಿದ್ದು. 2022ರ ಕೊನೆಯಲ್ಲಿ ಕೆಲವರ ಕಾರ್ಡ್‌ಗಳಲ್ಲಿ ಆ ಕನೆಕ್ಟರ್ ಕರಗಿಹೋದ ಫೋಟೊಗಳು ಲೋಕವೆಲ್ಲ ಓಡಾಡಿದವು. ಪ್ಲಗ್ ಪೂರ್ತಿ ಒಳಗೆ ಕೂರದಿದ್ದದ್ದು ಒಂದು ಕಾರಣವೆಂದು ಗೊತ್ತಾಗಿ, ಮರುವರ್ಷ ಪಿನ್‌ಗಳ ಉದ್ದ ಬದಲಾಯಿಸಿ ತಿದ್ದಿದ ಆವೃತ್ತಿ ತಂದರು. ನನ್ನ ಹೆಂಡತಿ ಲೆಕ್ಕಪತ್ರ ನೋಡುವ ಕೆಲಸದವಳು. ಆ ಫೋಟೊಗಳನ್ನು ಒಂದು ಸಲ ನೋಡಿದಳು. 4090ರ ಮಾತು ಅಲ್ಲಿಗೆ ಮುಗಿಯಿತು.

ಹಾಗೆ ಇಳಿದು ಇಳಿದು 4070ರ ಹತ್ತಿರ ನಿಂತೆವು. 12 ಜಿಬಿ ಮೆಮೊರಿ, 200 ವ್ಯಾಟ್. ಮಗಳ ಕೆಲಸಕ್ಕೆ ಧಾರಾಳ. ಹುಡುಕಿದರೆ ಹಳೇ ಬಗೆಯ 8 ಪಿನ್ ಕನೆಕ್ಟರ್ ಇರುವುದೂ ಸಿಗುತ್ತಿತ್ತು. ನನಗೆ ನಿಜವಾಗಿ ಇಷ್ಟವಾದದ್ದು ಅದು. ಲೆಕ್ಕ ಸುಲಭ. ಕಾರ್ಡ್ ಕೂರುವ ಸ್ಲಾಟ್ 75 ವ್ಯಾಟ್‌ವರೆಗೆ ಕೊಡುತ್ತದೆ, 6 ಪಿನ್ ಕೇಬಲ್ ಇನ್ನೊಂದು 75, 8 ಪಿನ್ ಆದರೆ 150. ಸ್ಲಾಟು ಮತ್ತು 8 ಪಿನ್ ಸೇರಿದರೆ 225. ನಮಗೆ ಬೇಕಾದ್ದು 200. ನಮ್ಮ ಹಳೇ 1050 ಟಿಐ ಇದ್ದಷ್ಟು ದಿನವೂ ಸ್ಲಾಟಿನ 75ರಲ್ಲೇ ಸಂಸಾರ ಮಾಡಿತ್ತು. ಪ್ರತ್ಯೇಕ ಕೇಬಲ್ ಅಂತ ಒಂದನ್ನೂ ಕೇಳಿರಲಿಲ್ಲ. ಆದ್ದರಿಂದ ನಮ್ಮ ಎಸ್‌ಎಂಪಿಎಸ್ ಡಬ್ಬದ (ಪವರ್ ಸಪ್ಲೈಗೆ ಇನ್ನೊಂದು ಹೆಸರು) ಯೋಗ್ಯತೆ ಏನು ಎಂದು ಯಾರಿಗೂ ಯೋಚನೆ ಬಂದಿರಲಿಲ್ಲ.

“ಅದೇ ಸಾಕು ಬಿಡಿ. 500 ವ್ಯಾಟ್ ಅಂತ ಬರೆದಿದೆಯಲ್ಲಾ!” ಎಂದ ಬಾಮೈದ.

ಬರೆದಿತ್ತು, ನಿಜ. ಡಬ್ಬದ ಪಕ್ಕದಲ್ಲಿ, ಬಸ್ಸಿನ ಬೋರ್ಡಿನಷ್ಟು ದಪ್ಪಕ್ಷರದಲ್ಲಿ. ಮಗಳು ಟಾರ್ಚ್ ಹಿಡಿದು ಅದರ ಕೆಳಗಿನ ಕೋಷ್ಟಕ ಓದಿದಳು. ಈ ಡಬ್ಬಗಳು 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್ ಅಂತ ಬೇರೆ ಬೇರೆ ಸಾಲಿನಲ್ಲಿ ಕರೆಂಟ್ ಕೊಡುತ್ತವೆ. ಈಗಿನ ಕಾರ್ಡೂ ಪ್ರೊಸೆಸರೂ ಬದುಕುವುದು 12ರ ಮೇಲೆ. ನಮ್ಮದರಲ್ಲಿ 12ರ ಎದುರಿಗೆ 20 ಆಂಪ್ ಅಂತ ಇತ್ತು. ಹನ್ನೆರಡು ಇಪ್ಪತ್ತಲೆ 240. ಮಿಕ್ಕ ವ್ಯಾಟ್‌ಗಳನ್ನು ಯಾರೂ ಕೇಳದ 3.3 ಮತ್ತು 5 ವೋಲ್ಟ್ ಸಾಲಿನಲ್ಲಿ ಹಂಚಿ, ಎಲ್ಲ ಕೂಡಿಸಿ 500 ಎಂದು ಹೊರಗೆ ಬರೆದಿದ್ದರು. ಕೂಡುವ ಲೆಕ್ಕದಲ್ಲಿ ತಪ್ಪೇನಿಲ್ಲ. ಆ ಡಬ್ಬ ಮಾರಿದವರ ಧೈರ್ಯವನ್ನು ಮೆಚ್ಚಲೇಬೇಕು.

ಹೊಸ ಪವರ್ ಸಪ್ಲೈಗೂ ಆರ್ಡರ್ ಹಾಕಿದ್ದಾಯಿತು. ಆದರೆ ಕಾರ್ಡ್ ಮೊದಲು ಬಂತು. ಪೆಟ್ಟಿಗೆ ಮುಂದಿಟ್ಟುಕೊಂಡು ಸುಮ್ನೆ ಕೂರುವುದು ಬಾಮೈದನ ಜಾತಕದಲ್ಲಿ ಇಲ್ಲ. ಮರುದಿನ ಜೇಬಿನಿಂದ ಒಂದು ಪುಟ್ಟ ಅಡಾಪ್ಟರ್ ತೆಗೆದ. ಒಂದು ತುದಿಯಲ್ಲಿ ಹಳೇ ಹಾರ್ಡ್‌ಡಿಸ್ಕ್‌ಗೆ ಹಾಕುತ್ತಿದ್ದ ನಾಲ್ಕು ಪಿನ್‌ನ ಮೋಲೆಕ್ಸ್ ಪ್ಲಗ್‌ಗಳು, ಇನ್ನೊಂದು ತುದಿಯಲ್ಲಿ 8 ಪಿನ್. “ಬರೀ ಟೆಸ್ಟಿಂಗ್ ಭಾವ, ಐದು ನಿಮಿಷ.” ಬೇಡ ಎಂದೆ. ನನ್ನ ‘ಬೇಡ’ ಎಂಬ ಮಾತಿಗೆ ಆ ಮನೆತನದಲ್ಲಿ ಬೆಲೆ ಯಾವತ್ತು ಇತ್ತು?

ಮೊದಲು ಕಾರ್ಡ್ ಕೂರಬೇಕಲ್ಲ. ಹಳೆಯದನ್ನು ತೆಗೆಯುವುದೇ ಒಂದು ಯುದ್ಧ. ಸ್ಲಾಟಿನ ಕೊನೆಗೆ ಒಂದು ಚಿಕ್ಕ ಕೊಕ್ಕೆ ಇರುತ್ತದೆ. ಅದನ್ನು ಒತ್ತಿದರೆ ಮಾತ್ರ ಕಾರ್ಡ್ ಬಿಡುತ್ತದೆ. ಆ ಕೊಕ್ಕೆಯನ್ನು ಕಾರ್ಡ್‌ನ ಹೊಟ್ಟೆಯ ಅಡಿಯಲ್ಲಿ, ಮನುಷ್ಯರ ಬೆರಳು ಹೋಗದ ಕಡೆಯಲ್ಲೇ ಇಟ್ಟಿರುತ್ತಾರೆ. ಮಗಳು ತನ್ನ ಡ್ರಾಯಿಂಗ್ ಸ್ಕೇಲಿನ ತುದಿಯಿಂದ ಒತ್ತಿದಳು, ಬಿಟ್ಟುಕೊಂಡಿತು. ಆಮೇಲೆ ಉದ್ದದ ಪ್ರಶ್ನೆ. ಕ್ಯಾಬಿನೆಟ್‌ನ ಪುಸ್ತಕದಲ್ಲಿ 310 ಮಿಲಿಮೀಟರ್ ಕಾರ್ಡ್ ಹಿಡಿಸುತ್ತದೆ ಎಂದಿತ್ತು. ಮೂರು ಫ್ಯಾನಿನ ನಮ್ಮ ಕಾರ್ಡ್ 300. ಬಾಮೈದ ಗೆದ್ದವನಂತೆ ನಕ್ಕ. ಆದರೆ ಆ 310 ಎನ್ನುವುದು ಮುಂದೆ ಏನೂ ಇಲ್ಲದಿದ್ದರೆ. ನಮ್ಮದರಲ್ಲಿ ಮುಂದೆ ಒಂದು ಫ್ಯಾನ್ ಇತ್ತು. ಈ ಫ್ಯಾನ್‌ಗಳು ಸಾಮಾನ್ಯವಾಗಿ 25 ಮಿಲಿಮೀಟರ್ ದಪ್ಪ. ಹದಿನೈದು ಮಿಲಿಮೀಟರ್‌ಗೆ ನಾಲ್ಕು ಜನ ಸುತ್ತ ನಿಂತು ಚರ್ಚೆ ಮಾಡಿದೆವು. ಕೊನೆಗೆ ಫ್ಯಾನನ್ನು ಕ್ಯಾಬಿನೆಟ್‌ನ ಮೇಲ್ಗಡೆಗೆ ಸಾಗಹಾಕಿದೆವು.

ಅಂತೂ ಕಂಪ್ಯೂಟರ್ ಆನ್ ಆಯಿತು. ವಿಂಡೋಸ್ ಬಂತು. ಡ್ರೈವರ್ ಹಾಕಿದ್ದಾಯಿತು. ಬಾಮೈದ ಒಂದು ಗೇಮ್ ತೆರೆದ. ಶುರುವಿನ ಮೆನು ಬಂತು. ಹಿಂದೆ ಒಂದು ಬೆಟ್ಟ, ಮುಂದೆ ‘ಪ್ಲೇ’, ‘ಸೆಟ್ಟಿಂಗ್ಸ್’, ‘ಎಕ್ಸಿಟ್’ ಎಂಬ ಮೂರು ಪದ. “ನೋಡಿ ಭಾವ, ನಾನು ಹೇಳ್ಲಿಲ್ವಾ…” ಅನ್ನುವಷ್ಟರಲ್ಲಿ ಠಪ್ ಅಂತ ಎಲ್ಲ ಕತ್ತಲೆ.

“ಮೆನುಗೆ ಎಂಥ ಪವರ್ ಬೇಕು?” ಅಂತ ಅವನು ಗೋಡೆಯ ಸ್ವಿಚ್ಚನ್ನು ಅನುಮಾನದಿಂದ ನೋಡಿದ. ಮೆನುಗೇ ಬೇಕಾಗುವುದು. ಚಿತ್ರ ಸರಳ ಇದ್ದು, ಫ್ರೇಮ್‌ಗಳಿಗೆ ಮಿತಿ ಹಾಕದೆ ಇದ್ದರೆ, ಕಾರ್ಡ್ ಅದೇ ಬೆಟ್ಟವನ್ನು ಸೆಕೆಂಡಿಗೆ ನೂರಾರು ಸಲ ಮತ್ತೆ ಮತ್ತೆ ಬಿಡಿಸುತ್ತಾ ಮೈಮುರಿದು ದುಡಿಯುತ್ತದೆ. ಸಾಲದ್ದಕ್ಕೆ ಈಗಿನ ಕಾರ್ಡ್‌ಗಳು ನಡುನಡುವೆ ಒಂದೊಂದು ಕ್ಷಣ ತಮ್ಮ ಲೆಕ್ಕಕ್ಕಿಂತ ಬಹಳ ಜಾಸ್ತಿ ಎಳೆದುಬಿಡುತ್ತವೆ. 2022ರಲ್ಲಿ ಬಂದ ಎಟಿಎಕ್ಸ್ 3.0 ಎಂಬ ನಿಯಮಾವಳಿ ಇದಕ್ಕೆಂದೇ, ಪವರ್ ಸಪ್ಲೈ ತನ್ನ ಶಕ್ತಿಯ ಎರಡರಷ್ಟನ್ನು 100 ಮೈಕ್ರೋಸೆಕೆಂಡ್ ಹೊತ್ತು ತಡೆದುಕೊಳ್ಳಬೇಕು ಎನ್ನುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅಂಥವು ಸಾವಿರ ಆಗಿಹೋಗಿರುತ್ತವೆ. ನಮ್ಮ 240 ವ್ಯಾಟ್‌ನ ಮುದುಕಪ್ಪನಿಗೆ ಇದೆಲ್ಲ ಆಗದ ಮಾತು. ಸುಟ್ಟುಕೊಳ್ಳದೆ, ಹೊಗೆ ಬಿಡದೆ, ಮರ್ಯಾದೆಯಿಂದ ಆಫ್ ಆಯಿತು. ಕಡಿಮೆ ದರ್ಜೆಯ ಡಬ್ಬಗಳಲ್ಲಿ ಇಷ್ಟು ಸಂಸ್ಕಾರ ಅಪರೂಪ. ಮೋಲೆಕ್ಸ್ ಅಡಾಪ್ಟರ್ ಮುಟ್ಟಿದರೆ ಬೆಚ್ಚಗಿತ್ತು. ಹೆಂಡತಿ ಅದನ್ನು ಎತ್ತಿ ಎಲ್ಲೋ ಇಟ್ಟಳು. ಇವತ್ತಿಗೂ ಸಿಕ್ಕಿಲ್ಲ, ಸಿಗುವುದೂ ಬೇಡ.

ಹೊಸ ಪವರ್ ಸಪ್ಲೈ ಎಷ್ಟು ವ್ಯಾಟ್ ಇರಬೇಕು ಎಂಬ ವಿಷಯದಲ್ಲಿ ಮೊದಲೇ ಒಂದು ಸುತ್ತು ರಾದ್ಧಾಂತ ಆಗಿತ್ತು. ಕಾರ್ಡ್‌ಗೆ 200, ಪ್ರೊಸೆಸರ್ ಜೋರಾಗಿ ದುಡಿದರೆ 120, ಮಿಕ್ಕಿದ್ದಕ್ಕೆಲ್ಲ 50. ಒಟ್ಟು 370. ಕಾರ್ಡ್ ಮಾಡಿದವರು ಹೇಳುವುದು 650. ನಿಮ್ಮ ಮನೆಯಲ್ಲಿ ಎಂಥ ಡಬ್ಬ ಇದೆಯೋ, ಪ್ರೊಸೆಸರ್ ಎಷ್ಟು ಹಸಿದದ್ದೋ ಅವರಿಗೇನು ಗೊತ್ತು? ಕೈಯಳತೆಗಿಂತ ಒಂದು ಗೇಣು ಜಾಸ್ತಿಯೇ ಹೇಳುತ್ತಾರೆ. ಬಾಮೈದ 1000 ಅಂದ. ಕೊನೆಗೆ 750ಕ್ಕೆ ರಾಜಿಯಾದೆವು.

“750 ಅಂದ್ರೆ ಇಡೀ ದಿನ 750 ಎಳೆಯುತ್ತಾ?” ಎಂದು ಹೆಂಡತಿ ಕೇಳಿದಳು. ಆವರೆಗಿನ ಚರ್ಚೆಯಲ್ಲಿ ಕೇಳಬೇಕಾದ ಪ್ರಶ್ನೆ ಅಂತ ಇದ್ದದ್ದು ಇದೊಂದೇ. ಎಳೆಯುವುದಿಲ್ಲ. ಒಳಗಿನ ಭಾಗಗಳು ಎಷ್ಟು ಕೇಳುತ್ತವೋ ಅಷ್ಟು, ಅದರ ಮೇಲೆ ಬಿಸಿಯಾಗಿ ಹೋಗುವ ಒಂದಿಷ್ಟು. ಆ ಒಂದಿಷ್ಟು ಎಷ್ಟು ಎಂದು ಹೇಳುವುದೇ ‘80 ಪ್ಲಸ್’ ಎಂಬ ಮುದ್ರೆ. ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ, ಟೈಟೇನಿಯಂ ಅಂತ ಪದಕಗಳು. ಬಾಮೈದ ತಕ್ಷಣ ತಲೆ ಹಾಕಿದ. “ಗೋಲ್ಡ್ ಅಂದ್ರೆ ತೊಂಬತ್ತು ಪರ್ಸೆಂಟ್ ಅಕ್ಕ. ಅಂದ್ರೆ 750ರಲ್ಲಿ ನಮಗೆ ಸಿಗೋದು 675 ಅಷ್ಟೇ. ಅದಕ್ಕೇ ನಾನು 1000 ಅಂದಿದ್ದು.”

“ಇಲ್ಲ ಮಾಮ,” ಎಂದಳು ಮಗಳು. ಅವಳ ಕೈಯಲ್ಲಿ ಮ್ಯಾನ್ಯುಯಲ್ ಇತ್ತು. ಆ ಮನೆಯಲ್ಲಿ ಅದನ್ನು ಓದುತ್ತಿದ್ದದ್ದು ಅವಳೊಬ್ಬಳೇ. 750 ಎನ್ನುವುದು ಒಳಗೆ ಕೊಡುವ ಲೆಕ್ಕ. ನಷ್ಟ ಆಗುವುದು ಗೋಡೆಯ ಕಡೆಯಿಂದ. ಒಳಗೆ 300 ಬೇಕಾದರೆ, ತೊಂಬತ್ತರ ಲೆಕ್ಕದಲ್ಲಿ ಗೋಡೆಯಿಂದ 333 ಬರುತ್ತದೆ. ಎಂಬತ್ತೈದಾದರೆ 353. ಹೆಂಡತಿ ಮನಸ್ಸಿನಲ್ಲೇ ಕಳೆದು, “ಇಪ್ಪತ್ತು ವ್ಯಾಟ್‌ಗೆ ಇಷ್ಟು ಗಲಾಟೆ ಮಾಡಿದ್ರಾ?” ಎಂದಳು. ಅಂದಹಾಗೆ, ಈ ಪದಕ ಹೇಳುವುದು ಇದೊಂದನ್ನೇ. ಡಬ್ಬ ಎಷ್ಟು ವರ್ಷ ಬಾಳುತ್ತದೆ, ತೊಂದರೆ ಬಂದಾಗ ತನ್ನಷ್ಟಕ್ಕೆ ಆಫ್ ಆಗುತ್ತದಾ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಪವರ್ ಸಪ್ಲೈ ಬಂದ ದಿನ ಇನ್ನೊಂದು ಗಂಡಾಂತರ ಬಾಗಿಲವರೆಗೂ ಬಂದು ವಾಪಸ್ ಹೋಯಿತು. ಅದು ಮಾಡ್ಯುಲರ್, ಕೇಬಲ್‌ಗಳನ್ನು ಬೇಕಾದಂತೆ ಸಿಕ್ಕಿಸಬಹುದು. ಜೊತೆಗೆ ಬಂದ ಕೇಬಲ್ ಮೋಟು ಅನಿಸಿ ಬಾಮೈದ ತನ್ನ ಮನೆಯ ಬೇರೆ ಡಬ್ಬದ ಉದ್ದ ಕೇಬಲ್ ತಂದಿದ್ದ. ಸರಿಯಾಗಿ ಸಿಕ್ಕಿಕೊಂಡಿತು ಕೂಡ. ಎಡವಟ್ಟು ಆಗುವುದು ಇಲ್ಲೇ. ಹಾರ್ಡ್‌ಡಿಸ್ಕ್, ಕಾರ್ಡ್ ಕಡೆಯ ತುದಿಗೆ ಒಂದು ಶಿಸ್ತಿದೆ. ಡಬ್ಬದ ಕಡೆಯ ತುದಿಗೆ ಯಾವ ಶಿಸ್ತೂ ಇಲ್ಲ. ಯಾವ ಪಿನ್‌ನಲ್ಲಿ ಎಷ್ಟು ವೋಲ್ಟ್ ಅನ್ನುವುದು ಒಬ್ಬೊಬ್ಬರದು ಒಂದೊಂದು ಥರ, ಕೆಲವು ಸಲ ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಬೇರೆ ಬೇರೆ. 5 ವೋಲ್ಟ್ ಬರಬೇಕಾದ ಕಡೆ 12 ಬಂದರೆ ಹಾರ್ಡ್‌ಡಿಸ್ಕ್ ಅದರಲ್ಲಿರುವ ಫೋಟೊಗಳ ಸಮೇತ ಕೈಲಾಸ ಸೇರುತ್ತದೆ. “ಮಾಮ, ಕೆಂಪಕ್ಷರದಲ್ಲಿ ಹಾಕಿದ್ದಾರೆ,” ಎಂದು ಮಗಳು ಪುಟವನ್ನೇ ಮುಂದೆ ಹಿಡಿದಳು. ಬಾಮೈದ ಕೇಬಲ್ ಸುತ್ತಿ ಬ್ಯಾಗಿಗೆ ಹಾಕಿಕೊಂಡ. “ನಾನು ಸುಮ್ನೆ ಅಳತೆ ನೋಡ್ತಿದ್ದೆ.”

ಪ್ರೊಸೆಸರ್‌ಗೆ ಹೋಗುವುದೂ 8 ಪಿನ್, ಕಾರ್ಡ್‌ಗೆ ಹೋಗುವುದೂ 8 ಪಿನ್, ನೋಡಲು ಅವಳಿ ಜವಳಿ. ಆದರೆ ಪ್ಲಸ್ಸು ಮೈನಸ್ಸು ಉಲ್ಟಾ. ಪುಣ್ಯಕ್ಕೆ ಪಿನ್‌ಗಳ ಆಕಾರ ಬೇರೆ ಮಾಡಿದ್ದಾರೆ, ಬಲ ಹಾಕದಿದ್ದರೆ ಕೂರುವುದಿಲ್ಲ. ಬಲ ಹಾಕುವವರು ಇದ್ದಾರೆ ಅಂತಲೇ ಇನ್ನೊಂದು ಗುರುತು: ಪ್ರೊಸೆಸರಿನದು ನಾಲ್ಕು ನಾಲ್ಕಾಗಿ ಸೀಳುತ್ತದೆ, ಕಾರ್ಡಿನದು ಆರು ಮತ್ತು ಎರಡಾಗಿ. ಬಾಮೈದನನ್ನು ಸ್ಕ್ರೂ ಹುಡುಕಲು ಕಳಿಸಿ ಈ ಕೆಲಸ ಮುಗಿಸಿದೆವು.

ಕಂಪ್ಯೂಟರ್ ಎದ್ದಿತು. ಮೆನು ಬಂತು, ಬೆಟ್ಟ ಬಂತು, ಯಾರೂ ಉಸಿರಾಡಲಿಲ್ಲ. ಬೆಟ್ಟ ಹಾಗೇ ನಿಂತಿತು. ಮಗಳು ಗೇಮ್ ಮುಚ್ಚಿ ತನ್ನ ಕುರ್ಚಿಯ ಫೈಲ್ ತೆರೆದು ರೆಂಡರ್ ಒತ್ತಿದಳು. ಚಿತ್ರ ಕಣ್ಣೆದುರಿಗೇ ಸರಸರನೆ ತುಂಬಿಕೊಳ್ಳತೊಡಗಿತು. ಅದರ ಜೊತೆಗೇ ಎಲ್ಲಿಂದಲೋ ಕೀಂ… ಎಂದು ಒಂದು ಸದ್ದು.

“ಕಾಯಿಲ್ ವೈನ್ ಭಾವ,” ಎಂದ ಬಾಮೈದ ತಜ್ಞನ ಗತ್ತಿನಲ್ಲಿ. “ಕಾರ್ಡ್‌ನಲ್ಲಿರೋ ಕಾಯಿಲ್‌ಗಳು ಲೋಡ್ ಬಿದ್ದಾಗ ಅದುರುತ್ತವೆ. ಹೊಸ ಕಾರ್ಡ್‌ಗಳಲ್ಲಿ ಮಾಮೂಲು. ತಲೆ ಕೆಡಿಸ್ಕೊಳ್ಬೇಡಿ.”

ಹಾಗೊಂದು ಸದ್ದು ಇರುವುದು ನಿಜ. ಆದರೆ ಈ ಕೀಂಕಾರ ಬರುತ್ತಿದ್ದದ್ದು ಕ್ಯಾಬಿನೆಟ್‌ನಿಂದಲ್ಲ, ಮೇಜಿನ ಕೆಳಗಿನಿಂದ. ಹೆಂಡತಿ ಬಗ್ಗಿ ನೋಡಿದಳು. ನಮ್ಮ ಹಳೇ ಯುಪಿಎಸ್ ಕೆಂಪು ದೀಪ ಹಚ್ಚಿಕೊಂಡು ಅರಚುತ್ತಿತ್ತು.

“ಇದರ ಮೇಲೆ 600 ಅಂತಿದೆ. ನಮ್ಮದು ನಾನೂರರ ಹತ್ತಿರ ತಾನೆ?”

ಮಗಳೂ ಬಗ್ಗಿದಳು. “600 ವಿಎ ಅಮ್ಮ, ವ್ಯಾಟ್ ಅಲ್ಲ. ವ್ಯಾಟ್ ಕೆಳಗಡೆ ಸಣ್ಣದಾಗಿದೆ. 360.”

ಯುಪಿಎಸ್ ಕೂಡ ಹೊಸದು ತರುವ ಮಾತನ್ನು ಬಾಮೈದ ಎತ್ತುವ ಮೊದಲೇ ಹೆಂಡತಿ ಕಂಪ್ಯೂಟರಿನ ಪ್ಲಗ್ ಕಿತ್ತು ನೇರ ಗೋಡೆಗೆ ಹಾಕಿಬಿಟ್ಟಳು. ಸದ್ದು ನಿಂತಿತು. ಯುಪಿಎಸ್‌ಗೆ ಈಗ ಮಾನಿಟರ್ ಒಂದೇ ಗತಿ. ಕರೆಂಟ್ ಹೋದಾಗ ಕಂಪ್ಯೂಟರ್ ತಕ್ಷಣ ಆಫ್ ಆಗುತ್ತದೆ. ಮಾನಿಟರ್ ಮಾತ್ರ ಬ್ಯಾಟರಿ ಬಲದಿಂದ, ಸ್ವಲ್ಪವೂ ಅಳುಕಿಲ್ಲದೆ, ‘ನೋ ಸಿಗ್ನಲ್’ ಅಂತ ತೋರಿಸುತ್ತಾ ಇರುತ್ತದೆ.